ದಾಮೋದರದ ಹೂಳಿಗೆ ರೈನ್ ನದಿಯ ಅಳತೆಗೋಲು

ದಾಮೋದರ ನದಿಯ ಹೂಳಿನಲ್ಲಿರುವ ಭಾರಲೋಹಗಳ ಅಧ್ಯಯನಗಳಲ್ಲಿ ಭೂಸಂಚಯ ಸೂಚ್ಯಂಕಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಬೊಕಾರೊದಿಂದ ದುರ್ಗಾಪುರದವರೆಗೆ ಗಣಿಗಳು, ಕೋಕ್ ಒಲೆಗಳು, ಉಷ್ಣ ವಿದ್ಯುತ್ ಸ್ಥಾವರಗಳು, ಉಕ್ಕಿನ ಕಾರ್ಖಾನೆಗಳು ಈ ನದಿಯನ್ನು ಯಾವ ಸ್ಥಿತಿಗೆ ತಂದಿವೆ ಎಂದು ಮತ್ತೆ ಹೇಳಬೇಕಿಲ್ಲ. ಜರ್ಮನಿಯ ವಿಜ್ಞಾನಿ ಮುಲ್ಲರ್ 1969ರಲ್ಲಿ ರೈನ್ ನದಿಗಾಗಿ ರೂಪಿಸಿದ ಈ ಸೂಚ್ಯಂಕದ ಸೂತ್ರ ಸರಳವಾದದ್ದು: ಹೂಳಿನಲ್ಲಿ ಸಿಕ್ಕ ಲೋಹದ ಪ್ರಮಾಣವನ್ನು ಅದರ ನೈಸರ್ಗಿಕ ಪ್ರಮಾಣದ ಒಂದೂವರೆ ಪಟ್ಟಿನಿಂದ ಭಾಗಿಸಿ, ಎರಡರ ಆಧಾರದ ಲಾಗರಿದಮ್ ತೆಗೆಯಬೇಕು. ಉತ್ತರ ಸೊನ್ನೆಯನ್ನು ದಾಟದಿದ್ದರೆ ಹೂಳು ಶುದ್ಧವೆಂದು ತೀರ್ಮಾನ.

ತೊಡಕಿರುವುದು ಆ ನೈಸರ್ಗಿಕ ಪ್ರಮಾಣದಲ್ಲಿ. ಟುರೇಕಿಯನ್ ಮತ್ತು ವೆಡೆಪೋಲ್ 1961ರಲ್ಲಿ ಕೊಟ್ಟ ಶೇಲ್ ಕಲ್ಲಿನ ಜಾಗತಿಕ ಸರಾಸರಿಯನ್ನೇ ಬಹಳಷ್ಟು ಜನ ತಂದು ಕೂರಿಸುತ್ತಾರೆ. ಶೇಲ್ ಜೇಡಿಯಿಂದಾದ ಕಲ್ಲು, ದಾಮೋದರ ಮರಳಿನ ನದಿ. ಲೋಹ ಹೆಚ್ಚಾಗಿ ಅಂಟಿಕೊಳ್ಳುವುದು ಜೇಡಿಯ ಸಣ್ಣ ಕಣಗಳಿಗೆ. ಬೆಣಚುಕಲ್ಲಿನ ಮರಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೆಕ್ಕ ಹಾಕಿ ನೋಡೋಣ. ಶೇಲ್‌ನಲ್ಲಿ ಸೀಸದ ಸರಾಸರಿ ಕಿಲೋಗೆ 20 ಮಿಲಿಗ್ರಾಂ. ಒಂದೂವರೆ ಪಟ್ಟೆಂದರೆ 30. ಹೂಳಿನಲ್ಲಿ ನೂರಕ್ಕೆ 80 ಪಾಲು ಸೀಸವಿಲ್ಲದ ಮರಳು, ಉಳಿದ 20 ಪಾಲು ಕೆಸರು, ಆ ಕೆಸರಿನಲ್ಲಿ ಕಿಲೋಗೆ 140 ಮಿಲಿಗ್ರಾಂ ಸೀಸ ಎಂದಿಟ್ಟುಕೊಳ್ಳಿ. ಇಡೀ ಹೂಳನ್ನು ಕಲಸಿ ಅಳೆದರೆ ಸಿಗುವುದು 28. ಸೂಚ್ಯಂಕ ಸೊನ್ನೆಗಿಂತ ಕೆಳಗೆ, ನದಿ ನಿರ್ಮಲ! ಕೆಸರನ್ನಷ್ಟೇ ಸೋಸಿ ಅಳೆದರೆ ಅದೇ ಸೂಚ್ಯಂಕ 2.2ಕ್ಕೆ ಏರಿ ಮೂರನೆಯ ದರ್ಜೆಯ ಮಾಲಿನ್ಯವಾಗುತ್ತದೆ. ನೀರಿನೊಡನೆ ತೇಲಿ ಗದ್ದೆಗೆ ಹೋಗುವುದು, ಮೀನಿನ ಕಿವಿರಿಗೆ ತಾಗುವುದು ಆ ಕೆಸರೇ. ಒಂದೇ ಅಳತೆಗೋಲಿದ್ದರೆ ನದಿನದಿಗಳನ್ನು ಹೋಲಿಸಬಹುದಲ್ಲ ಎನ್ನುವವರಿದ್ದಾರೆ. ಒಂದು ಕಡೆ ಜೇಡಿ, ಇನ್ನೊಂದು ಕಡೆ ಮರಳು ತೂಗಿ ಮಾಡಿದ ಹೋಲಿಕೆಯಿಂದ ಏನು ತಿಳಿದೀತು?

ಈ ದೋಷವನ್ನು ಕಂಡ ವಿಮರ್ಶಕರು ಸೂಚಿಸುವ ಮದ್ದು ಕಬ್ಬಿಣ. ಪ್ರತಿ ಲೋಹವನ್ನೂ ಕಬ್ಬಿಣಕ್ಕೆ ಹೋಲಿಸಿ ಅನುಪಾತ ತೆಗೆದರೆ ಮರಳಿನ ಪ್ರಭಾವ ಕಳೆಯುತ್ತದೆ ಎಂಬುದು ಅವರ ವಾದ. ಬೇರೆ ನದಿಯಲ್ಲಿ ಒಪ್ಪಬಹುದು. ಉಕ್ಕಿನ ಕಾರ್ಖಾನೆಯ ಕೆಳಹರಿವಿನಲ್ಲಿ ಕಬ್ಬಿಣವೇ ಮಾಲಿನ್ಯದ ಒಂದು ಭಾಗ. ಅದಿರಿನ ಧೂಳು, ಕುಲುಮೆಯ ಕಿಟ್ಟ ನದಿಗೆ ಸೇರಿದಷ್ಟೂ ಛೇದ ದೊಡ್ಡದಾಗುತ್ತದೆ, ಸತು-ಸೀಸಗಳ ಅನುಪಾತ ಇಳಿಯುತ್ತದೆ. ಕಾರ್ಖಾನೆ ಹೆಚ್ಚು ಸುರಿದಂತೆ ಕಾಗದದ ಮೇಲೆ ನದಿ ಶುದ್ಧವಾಗುತ್ತ ಹೋಗುತ್ತದೆ. ಕಬ್ಬಿಣ ಬಿಟ್ಟು ಅಲ್ಯೂಮಿನಿಯಂ ಹಿಡಿದರೂ ಪೂರ್ತಿ ಪಾರಾಗುವುದಿಲ್ಲ, ಕಲ್ಲಿದ್ದಲಿನ ಹಾರುಬೂದಿಯಲ್ಲಿ ಅಲ್ಯೂಮಿನಾ ಧಾರಾಳವಾಗಿದೆ. ಒಟ್ಟು ಲೋಹ ಮುಖ್ಯವಲ್ಲ, ಜೀವಿಗಳಿಗೆ ದಕ್ಕುವ ಭಾಗವಷ್ಟೇ ಮುಖ್ಯ ಎನ್ನುವವರ ಮಾತು ಇನ್ನೂ ಅಪಾಯಕರ. ಜಲಾಶಯದ ತಳದಲ್ಲಿ ಆಮ್ಲಜನಕ ಬತ್ತಿದಾಗ ಕಬ್ಬಿಣ-ಮ್ಯಾಂಗನೀಸ್ ಆಕ್ಸೈಡುಗಳು ಕರಗಿ, ಅವು ಹಿಡಿದಿಟ್ಟ ಲೋಹ ನೀರಿಗೆ ಬಿಡುಗಡೆಯಾಗಬಲ್ಲದು. ಇಂದು ದಕ್ಕದ ಭಾಗ ಮುಂದೆಯೂ ದಕ್ಕದು ಎನ್ನಲು ಆಧಾರವಿಲ್ಲ.

ಈ ಕಣಿವೆಯ ಗೊಂಡ್ವಾನಾ ಶಿಲೆಗಳಲ್ಲೇ ಲೋಹ ಹೆಚ್ಚಿದ್ದರೆ ಕಾರ್ಖಾನೆಗಳನ್ನು ದೂರುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡಬಲ್ಲ ಹೂಳು ದಾಮೋದರದ ಪ್ರವಾಹ ಬಯಲಿನ ಆಳದಲ್ಲೇ ಸಿಗಬೇಕು. ರಾಣಿಗಂಜಿನಲ್ಲಿ ಕಲ್ಲಿದ್ದಲು ತೆಗೆಯಲು ಶುರುವಾದದ್ದು 1774ರಲ್ಲಿ. ಅದಕ್ಕೂ ಹಿಂದಿನ ಪದರದವರೆಗೆ ಕೊರೆದು, 63 ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಬೇರ್ಪಡಿಸಿ ಅಳೆದ ಪ್ರಮಾಣವನ್ನೇ ಮುಲ್ಲರನ ಸೂತ್ರದ ಕೆಳಗೆ ಇಡಬೇಕು.