ಮೂರು ಕಮಾಂಡ್ ಇವೆ, ಬೇಕಾದ್ದೇ ಇಲ್ಲ

ಎಫ್‌ಆರ್‌ಆರ್ ಅನ್ನೋ ಓಪನ್ ಸೋರ್ಸ್ ರೌಟಿಂಗ್ ಸಾಫ್ಟ್‌ವೇರ್‌ನ ಕೈಪಿಡಿಯಲ್ಲಿ ಬಿಜಿಪಿ ಕೇಪಬಿಲಿಟಿಗಳ ಬಗ್ಗೆ ಒಂದು ಪುಟ್ಟ ಭಾಗ ಇದೆ. ಎರಡೇ ನಿಮಿಷದ ಓದು. ನನ್ನ ತಕರಾರು ಇರೋದು ಅದರ ಮೇಲೆ.

ಮೊದಲು ವಿಷಯ ಏನು ಅಂತ ಹೇಳ್ತೀನಿ. ಎರಡು ರೌಟರ್‌ಗಳು ಟಿಸಿಪಿ ಪೋರ್ಟ್ 179ರಲ್ಲಿ ಭೇಟಿಯಾಗಿ ಒಂದಕ್ಕೊಂದು ಓಪನ್ ಮೆಸೇಜ್ ಕಳಿಸುತ್ತವೆ. 'ನನಗೆ ಐಪಿವಿ6 ಬರುತ್ತೆ, ರೌಟ್ ರಿಫ್ರೆಶ್ ಬರುತ್ತೆ, ನಾಲ್ಕು ಬೈಟಿನ ಎಎಸ್ ನಂಬರ್ ಅರ್ಥ ಆಗುತ್ತೆ' ಅಂತ ಪಟ್ಟಿ ಕೊಡೋದು ಅದರಲ್ಲೇ. ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗೋ ಮುಂಚೆ ಯಾರಿಗೆ ಯಾವ ಕೆಲಸ ಬರುತ್ತೆ ಅಂತ ಮಾತಾಗುತ್ತಲ್ಲ, ಹಾಗೆ. ಇಬ್ಬರಿಗೂ ಬರೋದಷ್ಟೇ ನಡೆಯುತ್ತೆ.

2009ರ ಆರ್‌ಎಫ್‌ಸಿ 5492 ಇಲ್ಲಿ ದೊಡ್ಡ ಮನಸ್ಸಿನದು. ಗೊತ್ತಿಲ್ಲದ ಕೇಪಬಿಲಿಟಿ ಬಂದರೆ ಸುಮ್ಮನೆ ಬಿಟ್ಟುಬಿಡಿ, ಅದಕ್ಕಾಗಿ ಸಂಬಂಧ ಕಡಿಯಬೇಡಿ ಅನ್ನುತ್ತೆ. ಎಎಸ್ ನಂಬರ್‌ಗಳು 65535 ದಾಟಿದಾಗಲೂ ಹಳೇ ರೌಟರ್‌ಗಳು ಬದುಕಿಕೊಂಡಿದ್ದು ಇಂಥ ಔದಾರ್ಯದಿಂದಲೇ. ದೊಡ್ಡ ನಂಬರಿನ ಜಾಗದಲ್ಲಿ ಅವಕ್ಕೆ 23456 ಕಾಣಿಸುತ್ತೆ, ಕೆಲಸ ಸಾಗುತ್ತೆ.

ಆದರೆ ಈ ಔದಾರ್ಯದ ಜೊತೆಗೆ ಮೌನವೂ ಬರುತ್ತೆ. ನೀವು ಐಪಿವಿ6 ಹಾಕಿದ್ದೀರಿ, ಆ ಕಡೆಯವರು ಮರೆತಿದ್ದಾರೆ ಅಂದುಕೊಳ್ಳಿ. ಐಪಿವಿ4 ಹೊಂದುತ್ತೆ, ಸೆಷನ್ 'ಎಸ್ಟಾಬ್ಲಿಷ್ಡ್' ಆಗುತ್ತೆ, ಡ್ಯಾಶ್‌ಬೋರ್ಡ್ ಹಸಿರು. ಐಪಿವಿ6 ದಾರಿ ಮಾತ್ರ ಒಂದೂ ಬರಲ್ಲ.

ಇದಕ್ಕೆ ಕೈಪಿಡಿ ಕೊಡೋದು ಮೂರು ಕಮಾಂಡ್. 'ಡೋಂಟ್-ಕೇಪಬಿಲಿಟಿ-ನೆಗೋಷಿಯೇಟ್' ಪಟ್ಟಿಯನ್ನೇ ಕಳಿಸಲ್ಲ. ಪಟ್ಟಿ ಅರ್ಥವಾಗದ ಹಳೇ ನೆರೆಯವರಿಗೆ ಅದು ಸರಿ. 'ಓವರ್‌ರೈಡ್-ಕೇಪಬಿಲಿಟಿ' ಆ ಕಡೆಯವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದೆ ನಮ್ಮ ಕಾನ್ಫಿಗರೇಷನ್ನೇ ನಿಜ ಅನ್ನುತ್ತೆ. ಬರಲ್ಲ ಅಂದವನ ಕೈಗೇ ನೇಗಿಲು ಕೊಟ್ಟ ಹಾಗೆ. 'ಸ್ಟ್ರಿಕ್ಟ್-ಕೇಪಬಿಲಿಟಿ-ಮ್ಯಾಚ್' ಎರಡೂ ಪಟ್ಟಿ ಹೋಲಿಸಿ, ಬೇರೆಯಾದರೆ ಎರರ್ ಕಳಿಸಿ ಸೆಷನ್ ಕಡಿಯುತ್ತೆ. ಕೈಪಿಡಿಯ ಮಾತನ್ನ ಹಾಗೇ ತಗೊಂಡರೆ, ನೆರೆಯವರು ಅಪ್‌ಗ್ರೇಡ್ ಮಾಡಿ ಒಂದು ಹೊಸ ಕೇಪಬಿಲಿಟಿ ಸೇರಿಸಿದರೂ ನಿಮ್ಮ ಸೆಷನ್ ಢಮಾರ್. ಆರ್‌ಎಫ್‌ಸಿ ಬೇಡ ಅಂದಿದ್ದು ಇದನ್ನೇ ಅಲ್ವಾ?

ಅದೇ ಆರ್‌ಎಫ್‌ಸಿ ಇನ್ನೊಂದಕ್ಕೆ ಅವಕಾಶ ಕೊಟ್ಟಿದೆ: 'ನನಗೆ ಇದೊಂದು ಬೇಕೇ ಬೇಕು, ನಿನ್ನ ಹತ್ತಿರ ಇಲ್ಲದಿದ್ದರೆ ಮಾತು ಬೇಡ' ಅಂತ ಹೇಳೋದು. ಈ ಮೂರರಲ್ಲಿ ಆ ಮಾತು ಯಾವುದಕ್ಕೂ ಬರಲ್ಲ. ಜೆಕ್ ದೇಶದ ಬರ್ಡ್ ರೌಟಿಂಗ್ ಸಾಫ್ಟ್‌ವೇರ್‌ನಲ್ಲಿ ಚಾನೆಲ್‌ಗೆ 'ಮ್ಯಾಂಡೇಟರಿ' ಅಂತ ಬರೆದರೆ ಸಾಕು. ಆ ಕಡೆ ಐಪಿವಿ6 ಇಲ್ಲದಿದ್ದರೆ ಸೆಷನ್ ಏಳೋದೇ ಇಲ್ಲ, ಕಾರಣವೂ ಬಾಯಿಬಿಟ್ಟು ಹೇಳುತ್ತೆ. ಒಂದೇ ಪದ, ಆದರೆ ಮಾಡಿದವರು ರಾತ್ರಿ ಪಾಳಿಯವರನ್ನ ನೆನೆದು ಮಾಡಿದ್ದಾರೆ.

ಎಫ್‌ಆರ್‌ಆರ್ ಬಳಸೋರು 'ಶೋ ಬಿಜಿಪಿ ನೈಬರ್ಸ್' ಕೊಟ್ಟು ಒಂದೊಂದೇ ಸಾಲು ಓದಿ. 'ಅಡ್ವರ್ಟೈಸ್ಡ್' ಪಕ್ಕ 'ರಿಸೀವ್ಡ್' ಇಲ್ಲದಿದ್ದರೆ, ಹಸಿರು ದೀಪ ಏನೇ ಹೇಳಲಿ, ಟಿಕೆಟ್ ಮುಚ್ಚಬೇಡಿ.