ಸೂಳೆಕೆರೆಯ ಐತಿಹ್ಯವೂ ‘ಸಹಜೀವಿ’ ಎಂಬ ಶಬ್ದವೂ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಆ ಹೆಸರು ಬಂದುದಕ್ಕೆ ಐತಿಹ್ಯದಲ್ಲಿ ಎರಡು ಪಾಠಗಳುಂಟು. ಕಟ್ಟಿಸಿದವಳು ರಾಜಪುತ್ರಿಯೆಂಬುದರಲ್ಲಿ ಭೇದವಿಲ್ಲ. ಜನರು ಆಕೆಯನ್ನು ಶಾಂತವ್ವೆಯೆನ್ನುತ್ತಾರೆ. ಒಂದು ಪಾಠದಂತೆ, ಮಗಳ ಮೇಲೆ ಮುನಿದ ತಂದೆಯು ಇದು ಸೂಳೆಯ ಕೆಲಸವೆಂದು ಶಪಿಸಿದನು. ಇನ್ನೊಂದರಂತೆ, ನೀರು ನಿಲ್ಲಬೇಕಾದ ನೆಲವು ಸೂಳೆಯರದಾಗಿತ್ತು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು. ಶಾಪಕಥೆಗಳು ನಮ್ಮಲ್ಲಿ ಹೇರಳವಾಗಿವೆ. ಎರಡನೆಯದೇ ಉತ್ತಮ ಪಾಠವೆಂದು ನಮ್ಮ ಅಭಿಪ್ರಾಯ. ಅಲ್ಲಿ ನೆಲ ಕಳೆದುಕೊಳ್ಳುವವರನ್ನು ಕೇಳಿದ್ದಾರೆ. ಅವರು ಆಗತಕ್ಕದ್ದನ್ನು ತಿಳಿದು, ಒಂದು ಶಬ್ದವನ್ನೇ ಬೆಲೆಯಾಗಿ ಪಡೆದು ಒಪ್ಪಿದ್ದಾರೆ. ಶಾಂತಿಸಾಗರವೆಂಬ ಸಭ್ಯನಾಮವು ಆ ಕರಾರನ್ನು ಮುರಿಯಿತೆಂಬುದನ್ನು ಹೆಸರು ತಿದ್ದಿದವರು ಯೋಚಿಸಿದಂತಿಲ್ಲ.

ಈ ಪಾಠವಿಚಾರವನ್ನು ಎತ್ತಿದ್ದಕ್ಕೆ ಕಾರಣವುಂಟು. ನಿಂತ ನೀರಿನ ಬಳಿ ಬಾಳುವ ಜನರ ಒಪ್ಪಿಗೆಯನ್ನು ಮುಂದೊಂದು ದಿನ ಕೇಳಬೇಕಾದ ವಿದ್ಯೆಯೊಂದು ವಿಜ್ಞಾನಿಗಳ ಕೈಯಲ್ಲಿ ಬೆಳೆಯುತ್ತಿದೆ. ಅದನ್ನು ತಿಳಿಸಬೇಕಾದ ಕನ್ನಡವು ಇನ್ನೂ ನೆಟ್ಟಗಾಗಿಲ್ಲ. ಅದರ ಹೆಸರು ಪ್ಯಾರಾಟ್ರಾನ್ಸ್‌ಜೆನಿಸಿಸ್. ರೋಗ ಹರಡುವ ಕೀಟದ ಕರುಳಿನಲ್ಲಿ ಸಹಜವಾಗಿ ನೆಲೆಸಿರುವ ಬ್ಯಾಕ್ಟೀರಿಯವನ್ನು ಹೊರತೆಗೆದು, ರೋಗಾಣುವನ್ನು ಕೊಲ್ಲುವ ಪದಾರ್ಥವನ್ನು ಅದೇ ತಯಾರಿಸುವಂತೆ ಅದರ ಜೀನುಗಳನ್ನು ತಿದ್ದಿ, ಮತ್ತೆ ಕೀಟದ ಒಳಗೆ ಸೇರಿಸುವುದು ಇದರ ಕ್ರಮ. 1997ರಲ್ಲಿ, ದಕ್ಷಿಣ ಅಮೆರಿಕದ ಚಾಗಾಸ್ ರೋಗವನ್ನು ಹರಡುವ ತಿಗಣೆಯ ಜಾತಿಯ ಕೀಟದಲ್ಲಿ ಇದನ್ನು ಸಾಧಿಸಿ ತೋರಿಸಿದರು. 2017ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು ಸೆರೇಷಿಯ ಎಎಸ್1 ಎಂಬ ಬ್ಯಾಕ್ಟೀರಿಯದಿಂದ ಮಲೇರಿಯದ ಸೊಳ್ಳೆಯಲ್ಲಿ ಪ್ರಯೋಗ ನಡೆಸಿದರು. ಅದು ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಮೊಟ್ಟೆಗೆ, ಮೊಟ್ಟೆಯಿಂದ ನೀರಿಗೆ, ನೀರಿನಿಂದ ಮರಿಗಳಿಗೆ ಸಾಗುತ್ತದೆ. ನೀರೇ ಅದರ ದಾರಿ. ಸೂಳೆಕೆರೆಗೆ ಯಾರೂ ಇಂಥದನ್ನು ಬಿಟ್ಟಿಲ್ಲ. ಆದರೆ ಸಿದ್ಧನಾಲೆ ಬಸವನಾಲೆಗಳ ಕೆಳಗಿನ ರೈತನಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವೆವು?

ಮೊದಲ ತೊಡಕು ‘ಕ್ರಿಮಿ’. ನಮ್ಮ ಬರೆಹಗಳಲ್ಲಿ ಸೊಳ್ಳೆಯೂ ಕ್ರಿಮಿ, ಅದರೊಳಗಿನ ಮಲೇರಿಯದ ರೋಗಾಣುವೂ ಕ್ರಿಮಿ, ರೋಗಾಣುವನ್ನು ಕೊಲ್ಲಬೇಕಾದ ಬ್ಯಾಕ್ಟೀರಿಯವೂ ಕ್ರಿಮಿ. ಭತ್ತಕ್ಕೆ ಹೊಡೆಯುವ ಔಷಧಿಯೋ ಕ್ರಿಮಿನಾಶಕ. ಕೊಲ್ಲುವವನಿಗೂ ಸಾಯುವವನಿಗೂ ಇಬ್ಬರನ್ನೂ ಹೊತ್ತು ತಿರುಗುವವನಿಗೂ ಒಂದೇ ಹೆಸರಾದರೆ ವಾಕ್ಯವು ವ್ಯಾಕರಣಶುದ್ಧವಾಗಿದ್ದೂ ಅರ್ಥಶೂನ್ಯವಾಗುತ್ತದೆ.

ಎರಡನೆಯದಾದ ‘ಸಹಜೀವಿ’ಯು ಇದಕ್ಕಿಂತ ಅಪಾಯಕರ, ಏಕೆಂದರೆ ಅದು ಸುಂದರವಾಗಿದೆ. 1879ರಲ್ಲಿ ಜರ್ಮನಿಯ ಡಿ ಬಾರಿಯು ಸಿಂಬಯೋಸಿಸ್ ಎಂಬುದನ್ನು ಭಿನ್ನಜಾತಿಯ ಜೀವಿಗಳು ಕೂಡಿ ಬಾಳುವುದೆಂಬಷ್ಟೇ ಅರ್ಥದಲ್ಲಿ ಬಳಸಿದನು. ಹಿತವೋ ಅಹಿತವೋ ಎಂಬುದು ಅದರಲ್ಲಿ ಅಡಗಿರಲಿಲ್ಲ. ನಮ್ಮ ‘ಸಹ’ವಾದರೋ ಸಹೋದರ, ಸಹಧರ್ಮಿಣಿ, ಸಹಪಂಕ್ತಿಗಳ ಮನೆಯಲ್ಲಿ ಬೆಳೆದದ್ದು, ಸ್ನೇಹವಿಲ್ಲದೆ ನುಡಿಯಲಾರದು. ಓದುಗನು ಈ ಬ್ಯಾಕ್ಟೀರಿಯವನ್ನು ತನ್ನ ಮಿತ್ರನೆಂದು ಭಾವಿಸುತ್ತಾನೆ. ಅದು ಸಹವಾಸ ಮಾಡಿರುವುದು ಸೊಳ್ಳೆಯೊಡನೆ, ಮನುಷ್ಯನೊಡನೆ ಅಲ್ಲ. ಸೆರೇಷಿಯ ಕುಲದಲ್ಲಿಯೇ ಆಸ್ಪತ್ರೆಯ ರೋಗಿಗಳಿಗೆ ಸೋಂಕು ತರುವ ಇನ್ನೊಂದು ಜಾತಿಯುಂಟು. ಮೇಲಾಗಿ, 2022ರಲ್ಲಿ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದವರು ಸಿದ್ಧಪಡಿಸಿರುವುದಾಗಿ ತಿಳಿಸಿದ ಈಡಿಸ್ ಸೊಳ್ಳೆಗಳಲ್ಲಿರುವ ವಾಲ್ಬಾಕಿಯವು ಜೀನು ತಿದ್ದಿದ ಬ್ಯಾಕ್ಟೀರಿಯವಲ್ಲ. ಎರಡನ್ನೂ ‘ಸಹಜೀವಿ’ಯೆಂದು ಒಂದೇ ಉಸಿರಿನಲ್ಲಿ ಹೇಳಿದರೆ ಒಪ್ಪುವವನು ಯಾವುದಕ್ಕೆ ಒಪ್ಪಿದನು?

ಇದನ್ನು ಶಬ್ದಪ್ರಿಯರ ಹಟವೆಂದು ತಳ್ಳಿಹಾಕಲಾಗದು. ಸೊಳ್ಳೆಗಳ ಸಂತತಿಯನ್ನು ತಳಿಮಾರ್ಗದಿಂದ ಹತೋಟಿಗೆ ತರಲು ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಭಾರತದ ವೈದ್ಯಕೀಯ ಸಂಶೋಧನಾ ಮಂಡಲಿಯೂ ಕೂಡಿ ನಡೆಸುತ್ತಿದ್ದ ಘಟಕವು, ಪತ್ರಿಕೆಗಳಲ್ಲಿಯೂ ಪಾರ್ಲಿಮೆಂಟಿನಲ್ಲಿಯೂ ಸಂಶಯಗಳೆದ್ದು, ಸೋನೀಪತ್ತಿನ ಪ್ರಯೋಗ ನಡೆಯುವ ಮೊದಲೇ 1975ರಲ್ಲಿ ಮುಚ್ಚಿತು. ಸಂಶಯಗಳಲ್ಲಿ ಹುರುಳೆಷ್ಟೆಂಬ ಚರ್ಚೆ ಬೇರೆ. ಜನರಿಗೆ ಅರ್ಥವಾಗುವ ಮಾತು ಮೊದಲು ಹೋಗಿರಲಿಲ್ಲವೆಂಬುದು ನಮಗೆ ಮುಖ್ಯ.

ನಮ್ಮ ಸೂಚನೆ ‘ಒಕ್ಕಲು’. ಪರರ ನೆಲದಲ್ಲಿ ನೆಲೆನಿಂತು ಬಾಳುವವನು ಒಕ್ಕಲು. ಅವನು ಒಡೆಯನಿಗೆ ಹಿತನೂ ಆಗಬಹುದು, ಕಂಟಕನೂ ಆಗಬಹುದು, ಶಬ್ದವು ಪಕ್ಷವಹಿಸುವುದಿಲ್ಲ. ಕರುಳು, ಒಕ್ಕಲು ಎರಡೂ ಕನ್ನಡ ಪದಗಳಾಗಿರುವುದರಿಂದ ಲೋಪಸಂಧಿಯಿಂದ ‘ಕರುಳೊಕ್ಕಲು’ ಸಲೀಸಾಗಿ ಆಗುತ್ತದೆ. ಜೀನು ಮಾರ್ಪಟ್ಟದ್ದು ‘ತಿದ್ದಿದ ಕರುಳೊಕ್ಕಲು’. ವಾಲ್ಬಾಕಿಯವು ಜೀವಕೋಶಗಳ ಒಳಗೇ ಇರುವುದರಿಂದ ಬರಿಯ ‘ಒಳೊಕ್ಕಲು’. ಈ ಕೊನೆಯ ರೂಪವು ಕಿವಿಗೆ ತುಸು ಒರಟಾಗಿದೆ. ಪಂಡಿತರು ಇದಕ್ಕಿಂತ ಮೇಲಾದುದನ್ನು ಸೂಚಿಸಿದರೆ ಸಂತೋಷದಿಂದ ಬಿಟ್ಟುಕೊಡುವೆವು.