ಗ್ಯಾನಕ್ಕೆ ಮದ್ದು

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಆರೇಳು ಕಿಲೋಮೀಟರ್ ಬಂದರೆ ನಮ್ಮ ಗೂಳೂರು. ಬಲಿಪಾಡ್ಯಮಿಗೆ ಇಲ್ಲಿಯ ಮಣ್ಣಿನ ಮಹಾಗಣಪನಿಗೆ ಪೂಜೆ ಶುರುವಾದರೆ ಕಾರ್ತಿಕ ಪೂರ್ತಿ ಜನ ಬರುತ್ತಲೇ ಇರುತ್ತಾರೆ. ಮಕ್ಕಳನ್ನು ಕರೆತಂದ ತಾಯಂದಿರು ಕೈಮುಗಿದು ಹೇಳಿಕೊಳ್ಳುವ ಮಾತು ನನ್ನ ಕಿವಿಗೆ ಬಿದ್ದಿದೆ: "ನಮ್ಮುಡುಗನಿಗೆ ಗ್ಯಾನನೇ ನಿಲ್ಲಲ್ಲ ಕಣಪ್ಪ, ಕುಂತಲ್ಲಿ ಕೂರಲ್ಲ." ನಮ್ಮ ಸೀಮೆಯಲ್ಲಿ ಗ್ಯಾನ ಎಂದರೆ ನೆನಪು, ಗಮನ, ಎಚ್ಚರ ಮೂರೂ ಹೌದು. ವೈದ್ಯರು ಎಡಿಎಚ್‌ಡಿ ಎನ್ನುವ ತೊಂದರೆಗೆ ಇದಕ್ಕಿಂತ ಹತ್ತಿರದ ಕನ್ನಡ ಪದ ನನಗೆ ಸಿಕ್ಕಿಲ್ಲ.

ಆ ಹುಡುಗ ಬೆಳೆದು ದೊಡ್ಡವನಾದ ಮೇಲೂ ಗ್ಯಾನ ನಿಲ್ಲದಿದ್ದರೆ ಹರಕೆಯ ಕಾಲ ಮುಗಿದಿರುತ್ತದೆ. "ಸೋಮಾರಿ", "ಬೇಜವಾಬ್ದಾರಿ" ಎಂಬ ಹೆಸರು ಅಂಟಿರುತ್ತದೆ. ಅವನು ತನಗೆ ತಾನೇ ಮದ್ದು ಹುಡುಕಿಕೊಳ್ಳುತ್ತಾನೆ. ಹಾಗೆ ಹುಡುಕಿಕೊಂಡ ಮದ್ದುಗಳ ಬೆಲೆ ಎಷ್ಟೆಂದು ಇಲ್ಲಿ ತೂಗಿ ನೋಡಬೇಕೆಂದಿದ್ದೇನೆ.

ಮೊದಲನೆಯದು ಒಂದೆಲಗ. ತೋಟದ ಕಾಲುವೆಯ ಪಕ್ಕದ ತೇವದಲ್ಲಿ ತಾನಾಗಿ ಬೆಳೆಯುವ ಸೊಪ್ಪು. ಪರೀಕ್ಷೆ ಹತ್ತಿರ ಬಂದರೆ ಮನೆಯಲ್ಲಿ ಅದರ ಚಟ್ನಿ, ತಂಬುಳಿ ಆಗುತ್ತದೆ. ಊಟಕ್ಕೆ ರುಚಿ, ಹೊಟ್ಟೆಗೆ ತಂಪು. ಎಡಿಎಚ್‌ಡಿಗೆ ಅದು ಚಿಕಿತ್ಸೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಊಟದಲ್ಲಿ ಬಳಸಿದರೆ ಕೆಡುಕೂ ಇಲ್ಲ. ಬಜೆಯ ವಿಷಯದಲ್ಲಿ ಈ ಸಮಾಧಾನ ಸಾಧ್ಯವಿಲ್ಲ. ಮಗುವಿಗೆ ಮಾತು, ಬುದ್ಧಿ ಚುರುಕಾಗಲೆಂದು ಬಜೆಬೇರು ತೇಯ್ದು ನಾಲಿಗೆಗೆ ಸವರುವುದನ್ನು ನನ್ನ ಅಜ್ಜಿಯೂ ಮಾಡಿದವಳೇ. ಆ ಬೇರಿನಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ. ಪ್ರಯೋಗದ ಇಲಿಗಳಲ್ಲಿ ಬಜೆ ಎಣ್ಣೆಯಿಂದ ಗೆಡ್ಡೆಗಳಾದದ್ದು ಕಂಡ ಮೇಲೆ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸಬಾರದೆಂದು ನಿಷೇಧಿಸಿತು. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ, ಆದರೂ ಎಳೆಗೂಸಿನ ನಾಲಿಗೆಗೆ ಬಜೆ ಬೇಡ.

ಕಾಫಿ, ಟೀ ವಿಚಾರ ಇಷ್ಟು ಸುಲಭದಲ್ಲಿ ತೀರುವುದಿಲ್ಲ. "ಕಾಫಿ ಕುಡಿದ್ರೆ ಎಲ್ರಿಗೂ ನಿದ್ದೆ ಹೋಗುತ್ತೆ, ನನಗೆ ತಲೆ ತಣ್ಣಗಾಗುತ್ತೆ" ಎನ್ನುವವರಿದ್ದಾರೆ. ಅದನ್ನು ಕಟ್ಟುಕತೆ ಎಂದು ತಳ್ಳಿಹಾಕುವುದು ತಪ್ಪು. ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಜಿಯನ್ 1985ರಲ್ಲಿ ಬರೆದದ್ದು ಇದನ್ನೇ: ಚಟದ ವಸ್ತುವನ್ನು ಮನುಷ್ಯ ಕಣ್ಣುಮುಚ್ಚಿ ಆರಿಸಿಕೊಳ್ಳುವುದಿಲ್ಲ, ತನ್ನ ಒಳಗಿನ ಯಾವ ನೋವನ್ನು ಯಾವುದು ಶಮನ ಮಾಡುತ್ತದೆಂದು ಕಂಡುಕೊಂಡಿರುತ್ತಾನೆ. ಕೆಫೀನ್ ಗಮನವನ್ನು ಸ್ವಲ್ಪ ಎತ್ತುತ್ತದೆ, ನಿಜ. ಆದರೆ ಎಡಿಎಚ್‌ಡಿಯ ಮಾತ್ರೆಗಳಿಗೆ ಅದು ಸಮವಲ್ಲ. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಸುಮಾರು ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿ ಉಳಿದಿರುತ್ತದೆ. ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ತಲೆಯಲ್ಲಿ ಮರುದಿನ ಗ್ಯಾನ ಇನ್ನಷ್ಟು ಚೆದುರುತ್ತದೆ, ಮತ್ತೆ ಎರಡು ಲೋಟ ಹೆಚ್ಚು ಬೇಕಾಗುತ್ತದೆ. ಸಾಲ ತೀರಿಸಲು ಮಾಡಿದ ಸಾಲದಂತೆ ಅದು ಬೆಳೆಯುತ್ತದೆ.

ಬೀಡಿಯ ನಿಕೋಟಿನ್ನೂ ಮಿದುಳನ್ನು ಕೆಲ ಹೊತ್ತು ಚುರುಕು ಮಾಡುತ್ತದೆ. ಗುಟ್ಕಾದಲ್ಲಿ ಅದರ ಜೊತೆಗೆ ಅಡಿಕೆಯೂ ಇದೆ. ಗುಬ್ಬಿಯ ಸುತ್ತ ಅಡಿಕೆ ಬೆಳೆದು ಬದುಕುವ ನಮಗೆ ಹೇಳಲು ಕಷ್ಟ, ಆದರೆ ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ ಎಂಬುದು ತೀರ್ಮಾನವಾದ ಸಂಗತಿ. ಗಮನಕ್ಕೆಂದು ತೆರುವ ಬೆಲೆ ಇದಾಗಬಾರದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಬ್ಬರ ಚೀಟಿಯ ಮಾತ್ರೆ ನುಂಗುವ ರೂಢಿ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಒಳ್ಳೆಯ ಔಷಧ. ಆದರೆ ಅದು ನಾಡಿಬಡಿತ, ರಕ್ತದೊತ್ತಡ ಏರಿಸುತ್ತದೆ, ಹಸಿವು ಕುಗ್ಗಿಸುತ್ತದೆ. ವೈದ್ಯರು ಕಡಿಮೆ ಪ್ರಮಾಣದಿಂದ ಶುರುಮಾಡಿ, ತೂಕ, ಬಿಪಿ ನೋಡುತ್ತ ಮೆಲ್ಲಗೆ ಏರಿಸುತ್ತಾರೆ. ಸ್ನೇಹಿತ ಕೊಟ್ಟ ಮಾತ್ರೆಯ ಜೊತೆ ಈ ನೋಡುವ ಕೆಲಸ ಬರುವುದಿಲ್ಲ. ಗ್ಯಾನ ನಿಲ್ಲದಿರುವುದಕ್ಕೆ ರಕ್ತಹೀನತೆ, ಥೈರಾಯ್ಡ್, ಆತಂಕ, ಗೊರಕೆಯಿಂದ ಕೆಟ್ಟ ನಿದ್ದೆ ಯಾವುದಾದರೂ ಕಾರಣವಾಗಿರಬಹುದು. ಒಬ್ಬನೇ ಕೂತು ಅದನ್ನು ಬಿಡಿಸಲಾಗದು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ವೈದ್ಯ ಚಾರ್ಲ್ಸ್ ಬ್ರಾಡ್ಲಿ ತಲೆನೋವಿಗೆಂದು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧ ಕೊಟ್ಟಾಗ ತಲೆನೋವು ಹೋಗಲಿಲ್ಲ, ಓದು ಸುಧಾರಿಸಿತು. ಎಡಿಎಚ್‌ಡಿಗೆ ಇಂಥ ಮಾತ್ರೆ ಕೊಡುವ ಚಿಕಿತ್ಸೆಯ ಹುಟ್ಟೇ ಒಂದು ಆಕಸ್ಮಿಕ. ಆದರೆ ಅಲ್ಲಿ ನೋಡಿ ಬರೆದಿಡುವವರೊಬ್ಬರು ಇದ್ದರು. ಸ್ವಂತ ಮದ್ದಿನಲ್ಲಿ ಇಲ್ಲದ್ದು ಅದೊಂದೇ, ಮತ್ತು ಅದೇ ದೊಡ್ಡ ಕೊರತೆ.

ಹಾಗೆಂದು ತಪ್ಪನ್ನೆಲ್ಲ ನುಂಗಿದವನ ಮೇಲೆ ಹೊರಿಸಲು ನಾನು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ: ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಿಡಬೇಕು. ಸಣ್ಣ ಊರಿನ ಮೆಡಿಕಲ್ ಶಾಪಿನವರು ಈ ತಾಪತ್ರಯವೇ ಬೇಡ ಎನ್ನುತ್ತಾರೆ. ದುರುಪಯೋಗ ತಡೆಯಲು ಕಟ್ಟು ಬೇಕು, ಒಪ್ಪುತ್ತೇನೆ. ಆದರೆ ಈ ದಾರಿಯನ್ನು ಒಮ್ಮೆ ರೋಗಿಯ ಕಣ್ಣಿನಿಂದ ನೋಡಿ. ಬೆಳಗಿನ ಜಾವದ ಬಸ್ಸಿಗೆ ತುಮಕೂರಿಗೋ ಬೆಂಗಳೂರಿನ ನಿಮ್ಹಾನ್ಸಿಗೋ ಹೊರಡಬೇಕು. ಚೀಟಿ ಮಾಡಿಸಿ ಸಾಲಿನಲ್ಲಿ ಕಾಯಬೇಕು. ತೊಂದರೆ ಹನ್ನೆರಡು ವರ್ಷದೊಳಗೇ ಇತ್ತೆಂದು ತಿಳಿಸಲು ಹಳೆಯ ಅಂಕಪಟ್ಟಿ ಹುಡುಕಬೇಕು, ಅಪ್ಪ ಅಮ್ಮನನ್ನು ಕರೆದೊಯ್ಯಬೇಕು. ಮತ್ತೆ ಬರಬೇಕಾದ ತಾರೀಕು ಮರೆಯಬಾರದು. ನೆನಪಿಟ್ಟುಕೊಳ್ಳಲಾರದ, ಕಾಯಲಾರದ ಮನುಷ್ಯನಿಂದ ಚಿಕಿತ್ಸೆಗೆ ಮುಂಚೆಯೇ ನೆನಪನ್ನೂ ತಾಳ್ಮೆಯನ್ನೂ ಕೇಳುವ ಏರ್ಪಾಡು ಇದು. ಅರ್ಧದಾರಿಯಲ್ಲಿ ಬಿಟ್ಟವನಿಗೆ ಬೀದಿಯ ಟೀ ಅಂಗಡಿಯೇ ಹತ್ತಿರ.

2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯನ್ನು ನಮ್ಮ ರಾಜ್ಯವೇ ರೂಪಿಸಿದೆ. ಒಮ್ಮೆ ದೊಡ್ಡ ಆಸ್ಪತ್ರೆಯಲ್ಲಿ ತಪಾಸಣೆಯಾದ ಮೇಲೆ ಬಿಪಿ, ತೂಕ ನೋಡಿ ಚೀಟಿ ಮುಂದುವರಿಸುವ ಕೆಲಸ ಗುಬ್ಬಿ, ಕುಣಿಗಲ್ಲಿನಲ್ಲೇ ಆಗಲಿ, ಮಾತ್ರೆಯೂ ಅಲ್ಲೇ ಸಿಗಲಿ. ಷೆಡ್ಯೂಲ್ ಎಕ್ಸ್‌ಗೆ ಸೇರದ ಅಟೊಮಾಕ್ಸೆಟಿನ್ ಎಂಬ ಔಷಧವೂ ಇದೆ. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಅದನ್ನೂ ವೈದ್ಯರೇ ಬರೆದುಕೊಡಬೇಕು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಹೀಗೆ ಒಬ್ಬರೇ ಮದ್ದು ಮಾಡಿಕೊಳ್ಳುತ್ತಿದ್ದರೆ, ಏನೇನು ತೆಗೆದುಕೊಳ್ಳುತ್ತಿದ್ದೀರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ. ಕಾಫಿ ಎಷ್ಟು ಲೋಟ, ಬೀಡಿ ಎಷ್ಟು, ಯಾರ ಮಾತ್ರೆ, ಎಲ್ಲವನ್ನೂ. ಬಸ್ಸು ಹತ್ತುವ ಮುಂಚೆ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು.